ಶೆಲ್ಲುಗಳು ತಾವಾಗಿಯೇ ದ್ರಾಸಿಗೆ ಬರಲಿಲ್ಲ

ನಿನ್ನೆ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮವೊಂದಕ್ಕೆ ನನ್ನನ್ನು ಕರೆದಿದ್ದರು. ನಿರೂಪಕರು ಮೈಕು ಹಿಡಿದು, ನಾನು ವೈರಿಗಳ ಎದೆ ಸೀಳಿ ಬಂದವನೆಂದು ಪರಿಚಯಿಸಿದರು. ನನ್ನ ಸರದಿ ಬಂದಾಗ, ನಾನು ಆರ್ಮಿ ಸರ್ವಿಸ್ ಕೋರ್‌ನಲ್ಲಿ ಲಾರಿ ಓಡಿಸುತ್ತಿದ್ದವನು, 1999ರ ಬೇಸಿಗೆಯಲ್ಲಿ ಕಾಶ್ಮೀರದ ಸೋನಾಮಾರ್ಗದಿಂದ ಝೋಜಿಲಾ ಕಣಿವೆ ದಾಟಿ, ಯುದ್ಧ ನಡೆಯುತ್ತಿದ್ದ ದ್ರಾಸಿಗೆ ಮದ್ದುಗುಂಡು, ಸೀಮೆಎಣ್ಣೆ, ರೇಷನ್ನು ಸಾಗಿಸಿದವನು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಸಭೆಯ ಉತ್ಸಾಹ ಇಳಿದದ್ದು ಕಣ್ಣಿಗೆ ಕಾಣುವಂತಿತ್ತು. ‘ಪರವಾಗಿಲ್ಲ ಸಾರ್, ಅದೂ ದೇಶಸೇವೆಯೇ’ ಎಂದು ನಿರೂಪಕರು ನನಗೆ ಸಮಾಧಾನ ಹೇಳಿದರು. ಸಮಾಧಾನ ಬೇಕೆಂದು ನಾನು ಯಾರನ್ನು ಕೇಳಿದ್ದೆನೋ ನನಗೆ ತಿಳಿಯದು.

ನನ್ನನ್ನು ಬಲ್ಲವರಿಗೆ ನನ್ನ ಸಿಟ್ಟು ಹೊಸದಲ್ಲ. ಆದರೆ ಈ ಒಂದು ವಿಷಯದಲ್ಲಿ ಅದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಯುದ್ಧವೆಂದರೆ ಗುಂಡು ಹಾರಿಸುವುದು ಮಾತ್ರ ಎಂದು ನಂಬಿರುವ ಜನರಿಗೆ ಆ ಗುಂಡು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಆ ಯುದ್ಧದಲ್ಲಿ ನಮ್ಮ ತೋಪಖಾನೆ ಹಾರಿಸಿದ ಶೆಲ್ಲು, ಬಾಂಬು, ರಾಕೆಟ್ಟುಗಳು ಒಟ್ಟು 2.5 ಲಕ್ಷಕ್ಕೂ ಹೆಚ್ಚು. ಬೋಫೋರ್ಸ್ ತೋಪಿನ 155 ಮಿ.ಮೀ. ಶೆಲ್ ಒಂದೊಂದೂ 40 ಕಿಲೋಗಿಂತ ಹೆಚ್ಚು ತೂಗುತ್ತದೆ. ಟಿ.ವಿ.ಯಲ್ಲಿ ಆ ತೋಪು ಬೆಂಕಿ ಉಗುಳುವುದನ್ನು ನೋಡಿ ಚಪ್ಪಾಳೆ ತಟ್ಟಿದವರು, ಅಷ್ಟೂ ಭಾರವನ್ನು ಲಾರಿಗೆ ಏರಿಸಿದ ಭುಜಗಳು ಯಾರವು, 3,500 ಮೀಟರ್ ಎತ್ತರದ ಆ ಕಣಿವೆಯನ್ನು ಅದನ್ನು ಹೊತ್ತು ದಾಟಿದವರು ಯಾರು ಎಂದು ಒಂದು ಕ್ಷಣವಾದರೂ ಯೋಚಿಸಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ.

ಝೋಜಿಲಾದಲ್ಲಿ ಆಗ ರಸ್ತೆಯೆಂದು ಕರೆಯಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಒಂದು ಬದಿಗೆ ಹಿಮದ ಗೋಡೆ, ಇನ್ನೊಂದು ಬದಿಗೆ ಪ್ರಪಾತ, ನಡುವೆ ಕರಗಿದ ಹಿಮದ ಕೆಸರು. ಅದು ಸುಲಭದ ಭಾಗ. ಕಣಿವೆ ಇಳಿದು ಮಟಾಯನ್ ದಾಟಿ ದ್ರಾಸ್ ಸಮೀಪಿಸಿದಂತೆ ತೊಲೊಲಿಂಗ್ ಬೆಟ್ಟ ತಲೆಯ ಮೇಲೆ ಬರುತ್ತಿತ್ತು, ಮತ್ತು ಅದರ ನೆತ್ತಿಯಲ್ಲಿ ಕುಳಿತ ವೈರಿ ನಮ್ಮ ಪ್ರತಿಯೊಂದು ಗಾಡಿಯನ್ನೂ ನೋಡಿ ತನ್ನ ತೋಪುಗಳಿಗೆ ಗುರಿ ಹೇಳಬಲ್ಲವನಾಗಿದ್ದ. ಹಾಗಾಗಿ ರಾತ್ರಿಯೇ ಓಡಬೇಕು, ಹೆಡ್‌ಲೈಟ್ ಆರಿಸಿಯೇ ಓಡಬೇಕು. ಸೇನೆಯ ಲಾರಿಗಳ ಹಿಂಬದಿಯಲ್ಲಿ, ಎರಡು ಚಕ್ರಗಳ ನಡುವಿನ ಗುಂಡನೆಯ ಗೇರು ಪೆಟ್ಟಿಗೆಗೆ, ಅಂದರೆ ಡಿಫರೆನ್ಷಿಯಲ್‌ಗೆ, ಬಿಳಿ ಬಣ್ಣ ಬಳಿದಿರುತ್ತದೆ, ಅದರ ಮೇಲಷ್ಟೇ ಬೀಳುವಂತೆ ಗಾಡಿಯ ಅಡಿಯಲ್ಲಿ ಒಂದು ಪುಟ್ಟ ದೀಪ ಇರುತ್ತದೆ. ಆ ಮಂಕು ಬಿಳುಪೊಂದನ್ನು ನೆಚ್ಚಿಕೊಂಡು, ಎರಡನೇ ಗೇರಿನಲ್ಲಿ, ಬೆನ್ನ ಹಿಂದೆ ಟನ್ನುಗಟ್ಟಲೆ ಸ್ಫೋಟಕ ಇಟ್ಟುಕೊಂಡು ಹೋಗುವುದೇ ನಮ್ಮ ಕೆಲಸವಾಗಿತ್ತು. ಮುಂದಿನವನು ನಿಂತರೆ ನಾವೂ ನಿಲ್ಲಬೇಕು, ನಿಂತಲ್ಲಿ ಶೆಲ್ ಬೀಳಲು ಶುರುವಾದರೆ ಬಂಡೆಯ ಮರೆಗೆ ಹಾರಬೇಕು, ಅದು ನಿಂತೊಡನೆ ಮತ್ತೆ ಅದೇ ಸೀಟಿಗೆ ಬಂದು ಕೂರಬೇಕು. ಆ ವಾಪಸು ಬಂದು ಕೂರುವ ಕೆಲಸಕ್ಕೆ ಯಾವ ಪದಕವೂ ಇಲ್ಲ. ಬೇಕೆಂದು ನಾನು ಕೇಳುತ್ತಲೂ ಇಲ್ಲ.

ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆದುಬಿಡುತ್ತೇನೆ. ಒಂದು ರಾತ್ರಿ ನಮ್ಮ ಸಾಲಿನ ಹಿಂದಿನ ಗಾಡಿಯೊಂದರ ಬಳಿ ಶೆಲ್ ಬಿತ್ತು. ಸದ್ದು ಕೇಳಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ದುಃಖವೂ ಅಲ್ಲ, ರೋಷವೂ ಅಲ್ಲ, ‘ಸದ್ಯ, ನಮ್ಮದಲ್ಲ’ ಎಂಬ ನೆಮ್ಮದಿ. ದುಃಖ ಬೆಳಗಾದ ಮೇಲೆ ಬಂತು, ಬಂದದ್ದು ಇಂದಿಗೂ ಹೋಗಿಲ್ಲ. ವೇದಿಕೆಯ ಮೇಲೆ ಇದನ್ನು ಹೇಳಿದ್ದರೆ ನಿರೂಪಕರು ಮೈಕನ್ನೇ ಕಿತ್ತುಕೊಳ್ಳುತ್ತಿದ್ದರೇನೋ.

‘ಎಷ್ಟೆಂದರೂ ಬೆಟ್ಟ ಹತ್ತಿದವನು ಕಾಲಾಳುವೇ ತಾನೆ, ನಿಮ್ಮನ್ನು ಅವನ ಪಕ್ಕದಲ್ಲಿ ಹೇಗೆ ನಿಲ್ಲಿಸುವುದು?’ ಎಂದು ಹಿತೈಷಿಗಳೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಕೇಳಿದರು. ನಿಲ್ಲಿಸಬೇಡಿ ಸ್ವಾಮಿ. ಜೂನ್ 13ರಂದು ತೊಲೊಲಿಂಗ್ ಗೆದ್ದ 2 ರಜಪುತಾನಾ ರೈಫಲ್ಸ್‌ನವರ ಪಕ್ಕ, ಅವರನ್ನು ಮುನ್ನಡೆಸಿದ ನಮ್ಮ ಕನ್ನಡಿಗ ಕರ್ನಲ್ ಎಂ.ಬಿ. ರವೀಂದ್ರನಾಥರ ಪಕ್ಕ ನಿಲ್ಲುವ ಯೋಗ್ಯತೆ ನನಗಿಲ್ಲವೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆ ಯುದ್ಧದಲ್ಲಿ ಪ್ರಾಣ ಕೊಟ್ಟ 527 ಮಂದಿಯ ಮುಂದೆ ಬದುಕಿ ಬಂದ ನಾವೆಲ್ಲರೂ ಸಣ್ಣವರೇ. ಆದರೆ ನನ್ನ ಅನುಭವದಲ್ಲಿ ಈ ತಕ್ಕಡಿ ಹಿಡಿದು ತೂಗುವವರು ಯಾರೂ ಬೆಟ್ಟ ಹತ್ತಿದವರಲ್ಲ. ಬೆಟ್ಟ ಹತ್ತಿದವರು ದ್ರಾಸಿನಲ್ಲಿ ನಮ್ಮ ಗಾಡಿ ನಿಲ್ಲುತ್ತಿದ್ದಂತೆ ಓಡಿ ಬಂದು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಏನು ತಂದಿರಿ, ಟಪಾಲು ಬಂತೇ. ನೀನು ಎಷ್ಟು ಜನರನ್ನು ಕೊಂದೆ ಎಂದು ಅವರಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ.

ನಮ್ಮವರಿಗೆ ತಿಳಿಯದ ನಮ್ಮ ಬೆಲೆ ವೈರಿಗೆ ಚೆನ್ನಾಗಿ ತಿಳಿದಿತ್ತು ಎಂಬುದೇ ನನಗೆ ಉರಿಯುವ ಸಂಗತಿ. ಅವನು ಆ ಶಿಖರಗಳನ್ನು ಹತ್ತಿ ಕುಳಿತದ್ದೇ ಶ್ರೀನಗರ–ಲೇಹ್ ಹೆದ್ದಾರಿಯನ್ನು ಕತ್ತರಿಸಲು. ಹಿಮ ಬಿದ್ದು ಝೋಜಿಲಾ ಮುಚ್ಚುವ ಮೊದಲು, ಬೇಸಿಗೆಯ ಕೆಲವೇ ತಿಂಗಳಲ್ಲಿ, ಲೇಹ್ ಮತ್ತು ಸಿಯಾಚಿನ್ ಕಡೆಯ ಪಡೆಗಳಿಗೆ ಚಳಿಗಾಲದ ದಾಸ್ತಾನು ಬಹುಪಾಲು ಈ ರಸ್ತೆಯಲ್ಲೇ ಹೋಗಬೇಕಿತ್ತು. ಮೇ ತಿಂಗಳಲ್ಲೇ ಅವನ ಶೆಲ್ಲುಗಳು ಕಾರ್ಗಿಲ್‌ನ ಮದ್ದುಗುಂಡಿನ ಉಗ್ರಾಣಕ್ಕೆ ಬೆಂಕಿ ಹಚ್ಚಿದ್ದವು. ಲಾರಿ ನಿಂತರೆ ಸೇನೆ ನಿಲ್ಲುತ್ತದೆಂದು ವೈರಿಯ ಜನರಲ್‌ಗಳು ಲೆಕ್ಕ ಹಾಕಿದ್ದರು, ಆದರೆ ನಮ್ಮ ಭಾಷಣಕಾರರಿಗೆ ಲಾರಿಯ ಹೆಸರೆತ್ತಿದರೆ ಆಕಳಿಕೆ ಬರುತ್ತದೆ.

ನನಗಿಂತಲೂ ಮರೆತುಹೋದವರು ಇದ್ದಾರೆ ಎಂಬುದನ್ನೂ ಹೇಳಬೇಕು. ನಮ್ಮ ಲಾರಿ ನಿಲ್ಲುವಲ್ಲಿಗೆ ರಸ್ತೆ ಮುಗಿಯುತ್ತಿತ್ತು. ಅಲ್ಲಿಂದ ಮೇಲಕ್ಕೆ ಸಾಮಾನು ಹೇಸರಗತ್ತೆಗಳ ಬೆನ್ನ ಮೇಲೆ ಹೋಗುತ್ತಿತ್ತು, ಹೇಸರಗತ್ತೆಯೂ ಹತ್ತಲಾರದ ಕಡೆ ಸ್ಥಳೀಯ ಹಳ್ಳಿಗಳ ಕೂಲಿಗಳ ಬೆನ್ನ ಮೇಲೆ, ಕತ್ತಲಲ್ಲಿ, ಶೆಲ್ಲುಗಳ ನಡುವೆ. ಅವರಿಗೆ ಸಮವಸ್ತ್ರವೂ ಇರಲಿಲ್ಲ, ಶಸ್ತ್ರವೂ ಇರಲಿಲ್ಲ. ಕಣಿವೆಯ ಹಿಮ ಕಡಿದು ನಮಗೆ ದಾರಿ ಬಿಡಿಸಿಕೊಟ್ಟ ಗಡಿ ರಸ್ತೆ ಸಂಸ್ಥೆಯ ಬುಲ್ಡೋಜರ್ ಚಾಲಕರ, ಅವರ ಜೊತೆ ಸಲಿಕೆ ಹಿಡಿದ ಕಾರ್ಮಿಕರ ಮಾತು ನಿನ್ನೆ ಒಬ್ಬರ ಬಾಯಲ್ಲೂ ಬರಲಿಲ್ಲ. ಇವರಲ್ಲಿ ಒಬ್ಬರನ್ನಾದರೂ ಯಾವುದಾದರೂ ಊರಿನ ವಿಜಯ ದಿವಸದಲ್ಲಿ ಕೂರಿಸಿ ಶಾಲು ಹೊದಿಸಿದ್ದನ್ನು ನೀವು ನೋಡಿದ್ದರೆ ದಯವಿಟ್ಟು ಊರಿನ ಹೆಸರು ತಿಳಿಸಿ. ಆ ಸಂಘಟಕರನ್ನು ಹುಡುಕಿಕೊಂಡು ಹೋಗಿ ಕೈಮುಗಿದು ಬರುತ್ತೇನೆ, ಬಸ್ ಚಾರ್ಜು ನನ್ನದೇ.