ಏನು ಕೆಟ್ಟಿದೆ ಅಂತ ಪ್ರಿಂಟರಿಗೆ ಗೊತ್ತು, ನಮಗೆ ಮಾತ್ರ ಹೇಳುವುದಿಲ್ಲ

'ಪ್ರಿಂಟರಿನ ಒಳಗಿನ ಭಾಗವೊಂದರ ಆಯಸ್ಸು ಮುಗಿದಿದೆ, ಸರ್ವಿಸ್ ಸೆಂಟರನ್ನು ಸಂಪರ್ಕಿಸಿ.' ಇಷ್ಟೇ ಬರುತ್ತೆ. ಯಾವ ಭಾಗ? ಯಾಕೆ ಮುಗಿಯಿತು? ಬದಲಾಯಿಸೋದು ಹೇಗೆ? ಒಂದಕ್ಕೂ ಉತ್ತರ ಇಲ್ಲ. ನಿನ್ನೆ ಸಂಜೆವರೆಗೆ ಅಚ್ಚುಕಟ್ಟಾಗಿ ಪ್ರಿಂಟ್ ಕೊಟ್ಟ ಇಂಕ್‌ಜೆಟ್ ಇವತ್ತು ಬೆಳಿಗ್ಗೆ ಎರಡು ಲೈಟ್ ಮಿಟುಕಿಸುತ್ತಾ ಕೂತುಬಿಡುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಸ್ಕ್ಯಾನ್ ಕೂಡ ಆಗಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ರಿಪೇರಿಗೆ ಆಗುವ ಖರ್ಚಲ್ಲಿ ಹೊಸದೇ ಬರುತ್ತೆ' ಅನ್ನೋ ಸಲಹೆ.

ಆ 'ಭಾಗ' ಯಾವುದು ಗೊತ್ತಾ? ಒಂದು ಫೆಲ್ಟ್ ತುಂಡು, ಇಂಕು ಹೀರಿಕೊಳ್ಳೋ ದಪ್ಪ ಬಟ್ಟೆಯಂಥದ್ದು. ಇಂಕು ಚಿಮ್ಮುವ ಭಾಗವೇ ಹೆಡ್, ಅದರ ಸಣ್ಣ ರಂಧ್ರಗಳೇ ನಾಝಲ್. ಹೆಡ್ ಕ್ಲೀನಿಂಗ್ ಮಾಡಿದಾಗ ಒಳಗಿನ ಸಣ್ಣ ಪಂಪು ನಾಝಲ್‌ಗಳಿಂದ ಇಂಕನ್ನು ಹೀರಿ ಎಳೆಯುತ್ತೆ. ಆ ಇಂಕು ಒಂದು ಪೈಪಿನ ಮೂಲಕ ಪ್ರಿಂಟರಿನ ತಳದಲ್ಲಿರೋ ಫೆಲ್ಟ್ ಪ್ಯಾಡಿಗೆ ಹೋಗಿ ಇಂಗುತ್ತೆ. ಪ್ಯಾಡ್ ತುಂಬಿ ಚೆಲ್ಲಬಾರದು, ಸರಿ, ಅದಕ್ಕೊಂದು ಎಚ್ಚರಿಕೆ ಬೇಕು, ಒಪ್ಪೋಣ. ಆದರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಪ್ಯಾಡ್ ಎಷ್ಟು ತೊಯ್ದಿದೆ ಅಂತ ಯಾವ ಸೆನ್ಸರೂ ನೋಡಲ್ಲ. ಇಷ್ಟು ಸಲ ಕ್ಲೀನಿಂಗ್ ಆಯಿತು, ಪ್ರತಿ ಸಲ ಇಷ್ಟು ಇಂಕು ಹೋಯಿತು ಅಂತ ಫರ್ಮ್‌ವೇರ್, ಅಂದರೆ ಪ್ರಿಂಟರಿನೊಳಗಿನ ಸಾಫ್ಟ್‌ವೇರ್, ಒಳಗೊಳಗೇ ಲೆಕ್ಕ ಇಡುತ್ತೆ. ಲೆಕ್ಕ ಮಿತಿ ಮುಟ್ಟಿದ ದಿನ ಯಂತ್ರ ನಿಲ್ಲುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಪ್ಯಾಡ್ ತೆಗೆದು ಹೊಸದು ಹಾಕೋದು ಸ್ಕ್ರೂಡ್ರೈವರ್ ಹಿಡಿಯೋಕೆ ಬರುವ ಯಾರಿಗಾದರೂ ಸಾಧ್ಯ. ಆದರೆ ಆ ಲೆಕ್ಕದ ಕೌಂಟರ್ ಸೊನ್ನೆಗೆ ಬರಬೇಕಲ್ಲ, ಅದರ ಸಾಫ್ಟ್‌ವೇರ್ ಸಾಮಾನ್ಯವಾಗಿ ಸರ್ವಿಸ್ ಸೆಂಟರಿನವರ ಕೈಯಲ್ಲೇ ಇರುತ್ತೆ. ನನಗೆ ಮೈ ಉರಿಯೋದು ಇಲ್ಲಿ. ಈಚಿನ ಕೆಲವು ಮಾಡೆಲ್‌ಗಳಲ್ಲಿ ಇದೇ ಪ್ಯಾಡನ್ನು ಮೇಂಟೆನೆನ್ಸ್ ಬಾಕ್ಸ್ ಅಂತ ಕೈಯಲ್ಲೇ ಎಳೆದು ಬದಲಾಯಿಸೋ ಹಾಗೆ ಮಾಡಿದ್ದಾರೆ, ಲೆಕ್ಕ ಇಡೋ ಚಿಪ್ಪೂ ಅದರ ಜೊತೆಗೇ ಬರುತ್ತೆ. ಅಂದರೆ ಮಾಡೋಕೆ ಬರಲ್ಲ ಅಂತ ಅಲ್ಲ. ಬರುತ್ತೆ. ಕೊಳ್ಳುವ ಮೊದಲು ಬೇರೇನೂ ಕೇಳದಿದ್ದರೂ ಇದೊಂದನ್ನು ಕೇಳಿ: ಆ ಬಾಕ್ಸನ್ನು ಬಳಸುವವರೇ ಬದಲಾಯಿಸಬಹುದಾ? ಇನ್ನೊಂದು ಮಾತು. ಯಾವುದೋ ಸಾಫ್ಟ್‌ವೇರ್ ತಂದು ಬರೀ ಕೌಂಟರ್ ರೀಸೆಟ್ ಮಾಡಿ ಹಳೇ ಪ್ಯಾಡನ್ನೇ ಬಿಡಬೇಡಿ, ಇಂಕು ತಳದಿಂದ ಸೋರಿ ಮೇಜಿಗೆ ಹರಿಯುತ್ತೆ.

ಆ ಪ್ಯಾಡ್ ಬೇಗ ತುಂಬೋದಕ್ಕೆ ಕಸ್ಟಮರ್ ಕೇರಿನವರದೇ ಸಲಹೆಗಳು ಎಷ್ಟು ಕಾರಣ ಅಂತ ನೋಡಿ. ಪ್ರಿಂಟಲ್ಲಿ ಬಿಳಿ ಗೆರೆ ಬಂತು ಅಂತ ಫೋನ್ ಮಾಡಿದರೆ 'ಹೆಡ್ ಕ್ಲೀನಿಂಗ್ ಮಾಡಿ ಸಾರ್.' ಸರಿಯಾಗಲಿಲ್ಲ. 'ಇನ್ನೊಂದು ಸಲ ಮಾಡಿ.' ಐದು ಸಲ ಬೆನ್ನುಬೆನ್ನಿಗೆ ಮಾಡಿಸಿ, ಇಂಕೆಲ್ಲ ಪ್ಯಾಡಿಗೆ ಕುಡಿಸಿ, ಕೊನೆಗೆ 'ಕಾರ್ಟ್ರಿಡ್ಜ್ ಬದಲಾಯಿಸಿ.' ಸರಿಯಾದ ಕ್ರಮ ಹೀಗೆ: ಮೊದಲು ನಾಝಲ್ ಚೆಕ್ ಪ್ರಿಂಟ್ ತೆಗೆಯಿರಿ, ಯಾವ ಬಣ್ಣದಲ್ಲಿ ಎಲ್ಲಿ ಗೆರೆ ತಪ್ಪಿದೆ ನೋಡಿ. ಒಂದು ಕ್ಲೀನಿಂಗ್, ಮತ್ತೆ ನಾಝಲ್ ಚೆಕ್. ತಪ್ಪಿದ ಗೆರೆಗಳು ಕಡಿಮೆಯಾಗಿದ್ದರೆ ಮುಂದುವರಿಸಿ. ಮೂರು ಸಲ ಆದಮೇಲೂ ಅಷ್ಟೇ ಇದ್ದರೆ ನಿಲ್ಲಿಸಿ, ಪ್ರಿಂಟರ್ ಆಫ್ ಮಾಡಿ ಕನಿಷ್ಠ 12 ಗಂಟೆ ಬಿಡಿ. ಒಣಗಿದ ಇಂಕು ನೆನೆದು ಸಡಿಲಾಗೋಕೆ ಸಮಯ ಬೇಕು, ಪಂಪಿನ ಬಲ ಅಲ್ಲ. ಮರುದಿನ ಒಂದೇ ಒಂದು ಕ್ಲೀನಿಂಗ್ ಮಾಡಿ. ತಪ್ಪಿದ ಗೆರೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕಂಡರೆ ಅದು ಒಣಗಿದ ಇಂಕಲ್ಲ, ಗಾಳಿ ಸೇರಿದೆ. ಆಗ ಕ್ಲೀನಿಂಗ್ ಹೊಡೆದಷ್ಟೂ ದಂಡ, ಹಾಗೇ ಬಿಟ್ಟು ಸುಮ್ಮನಿರೋದೇ ಮದ್ದು.

ಗೋಡೆಯ ಸ್ವಿಚ್ ಒತ್ತಿ ಇಂಕ್‌ಜೆಟ್ ಆಫ್ ಮಾಡಬಾರದು ಅನ್ನೋದನ್ನು ಮಾರುವವರು ಯಾಕೆ ಬಾಯಿಬಿಟ್ಟು ಹೇಳಲ್ಲ? ಪ್ರಿಂಟರಿನ ಬಟನ್ ಒತ್ತಿದರೆ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತೆ, ನಾಝಲ್ ಒಣಗಲ್ಲ. ಪ್ರಿಂಟ್ ಆಗುತ್ತಿರುವಾಗ ಕರೆಂಟ್ ಕಿತ್ತರೆ ಹೆಡ್ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದು ನಿಲ್ಲುತ್ತೆ. ಬಟನ್ ಒತ್ತಿ, ಲೈಟ್ ಪೂರ್ತಿ ಆರೋವರೆಗೆ ಕಾದು, ಆಮೇಲೆ ಗೋಡೆಯ ಸ್ವಿಚ್. ಡಬ್ಬದ ಮೇಲೆ ಒಂದು ಸಾಲು ಅಚ್ಚು ಹಾಕಿದ್ದರೆ ಎಷ್ಟೋ ಹೆಡ್‌ಗಳು ಉಳೀತಿದ್ದವು. ವಾರಕ್ಕೊಂದು ಕಲರ್ ಪೇಜ್ ತೆಗೆಯೋದು ಕೂಡ ನಾಝಲ್ ಒಣಗದಿರಲಿ ಅಂತಲೇ.

ಇನ್ನು 'ಪೇಪರ್ ಜಾಮ್'. ಒಳಗೆ ಒಂದು ಚೂರೂ ಕಾಗದ ಇರಲ್ಲ, ಪರದೆಯ ಮೇಲೆ ಮಾತ್ರ ಜಾಮ್. ರೋಲರ್ ತಿರುಗಿದ ಇಷ್ಟು ಹೊತ್ತಿನೊಳಗೆ ಕಾಗದ ಸೆನ್ಸರಿಗೆ ಬರಬೇಕು, ಬರಲಿಲ್ಲ ಅಂದರೂ ಅದೇ ಮೆಸೇಜ್, ನಿಜವಾಗಿ ಸಿಕ್ಕಿಕೊಂಡರೂ ಅದೇ ಮೆಸೇಜ್. 'ಕಾಗದ ಮೇಲೇಳಲಿಲ್ಲ' ಅಂತ ಬೇರೆ ಮಾಡಿ ತೋರಿಸೋಕೆ ಏನು ಕಷ್ಟ? ಕಾರಣ ಬಹಳ ಸಲ ಟ್ರೇಯಿಂದ ಕಾಗದ ಎಳೆದುಕೊಳ್ಳೋ ಪಿಕಪ್ ರೋಲರ್. ಕಾಗದದ ಧೂಳು ಕೂತು ಅದರ ರಬ್ಬರ್ ಗಾಜಿನ ಹಾಗೆ ಹೊಳೆಯೋಕೆ ಶುರುವಾಗುತ್ತೆ. ಪ್ಲಗ್ ಕಿತ್ತು, ಟ್ರೇ ತೆಗೆದು, ದಾರ ಬಿಡದ ಬಟ್ಟೆಯನ್ನು ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ರೋಲರನ್ನು ಬೆರಳಿಂದ ತಿರುಗಿಸುತ್ತಾ ಪೂರ್ತಿ ಸುತ್ತು ಒರೆಸಿ. ಬಟ್ಟೆಗೆ ಬೂದು ಮಸಿ ಹತ್ತೋದು ನಿಂತಾಗ ರಬ್ಬರ್ ಮತ್ತೆ ಮಂಕಾಗಿ, ಮುಟ್ಟಿದರೆ ಸ್ವಲ್ಪ ಹಿಡಿದ ಹಾಗೆ ಆಗುತ್ತೆ. ಒಣಗಿದ ಮೇಲೆ ಹಾಕಿ. ಒರೆಸಿದರೂ ಜಾರಿದರೆ ರೋಲರ್ ಸವೆದಿದೆ. ಎರಡು ಮೂರು ಹಾಳೆ ಒಟ್ಟಿಗೆ ಹೋಗುತ್ತಿದ್ದರೆ ಬಹಳ ಸಲ ರೋಲರಿನ ತಪ್ಪಲ್ಲ, ಹಾಳೆಗಳನ್ನು ಬಿಡಿಸೋಕೆ ಅದರ ಕೆಳಗಿರುವ ಸಪರೇಶನ್ ಪ್ಯಾಡ್ ಸವೆದಿರುತ್ತೆ. ಎರಡನ್ನೂ ಜೊತೆಗೇ ಬದಲಾಯಿಸಿ. ಕಾಗದದ ದಾರಿಯಲ್ಲಿ, ಕಾಗದ ಬಂತಾ ಅಂತ ಸೆನ್ಸರಿಗೆ ತಿಳಿಸೋ, ಸ್ಪ್ರಿಂಗ್ ಇರುವ ಸಣ್ಣ ಪ್ಲಾಸ್ಟಿಕ್ ನಾಲಗೆಯೊಂದಿರುತ್ತೆ, ಬೆರಳಿಂದ ಒತ್ತಿ ಬಿಟ್ಟರೆ ಟಕ್ ಅಂತ ವಾಪಸ್ ಬರಬೇಕು. ಬರದಿದ್ದರೆ ಹರಿದ ಚೂರು ಅಲ್ಲೇ ಸಿಕ್ಕಿರಬಹುದು.

ಲೇಸರ್ ಪ್ರಿಂಟರಿನ ವಿಷಯಕ್ಕೂ ಇದೇ ಗೋಳು. ಹಾಳೆಯಲ್ಲಿ ಒಂದೇ ಕಲೆ ಮೇಲಿಂದ ಕೆಳಕ್ಕೆ ಸಮಾನ ಅಂತರದಲ್ಲಿ ಬರುತ್ತಿದ್ದರೆ ಸ್ಕೇಲ್ ಇಟ್ಟು ಆ ಅಂತರ ಅಳೆದರೆ ಸಾಕು, ಯಾವ ರೋಲರ್ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಯಾಕಂದರೆ ಆ ರೋಲರ್ ಒಂದು ಸುತ್ತು ತಿರುಗುವಷ್ಟರಲ್ಲಿ ಕಾಗದ ಸಾಗೋ ದೂರವೇ ಆ ಅಂತರ. ಅಕ್ಷರದ ಅಚ್ಚು ಮೂಡೋ ಡ್ರಮ್‌ಗೆ ಒಂದು ಅಳತೆ, ಅದಕ್ಕೆ ಟೋನರ್ ಪುಡಿ ಹಚ್ಚೋ ಡೆವಲಪರ್ ರೋಲರಿಗೆ ಒಂದು, ಆ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸೋ ಫ್ಯೂಸರಿಗೆ ಇನ್ನೊಂದು. ಈ ಪಟ್ಟಿ ಸಾಮಾನ್ಯವಾಗಿ ಆಯಾ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಕಸ್ಟಮರ್ ಕೇರಿನವರು 'ಕಲೆಗಳ ನಡುವೆ ಎಷ್ಟು ಮಿಲಿಮೀಟರ್ ಇದೆ' ಅಂತ ಕೇಳಿದರೆ ಎರಡು ನಿಮಿಷದ ಕೆಲಸ. ಕೇಳಲ್ಲ. 'ಒರಿಜಿನಲ್ ಟೋನರ್ ಹಾಕಿದ್ದೀರಾ ಸಾರ್' ಅನ್ನೋದೊಂದೇ ಪ್ರಶ್ನೆ. ಅಕ್ಷರ ಬೆರಳಿಗೆ ಅಳಿಸಿ ಬರುತ್ತಿದ್ದರೆ ಫ್ಯೂಸರ್ ಸಾಕಷ್ಟು ಬಿಸಿಯಾಗುತ್ತಿಲ್ಲ, ಇಲ್ಲವೇ ದಪ್ಪ ಕಾಗದ ಹಾಕಿ ಸೆಟ್ಟಿಂಗ್‌ನಲ್ಲಿ ಪ್ಲೇನ್ ಪೇಪರ್ ಅಂತ ಬಿಟ್ಟಿದ್ದೀರಿ. ಮೊದಲು ಸೆಟ್ಟಿಂಗ್ ನೋಡಿ. ಟೋನರ್ ಚೆಲ್ಲಿದರೆ ಬಿಸಿನೀರು ಬೇಡ, ಅದು ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಬಟ್ಟೆಗೆ ಹಿಡಿದುಕೊಳ್ಳುತ್ತೆ. ತಣ್ಣೀರಲ್ಲಿ ಒರೆಸಿ.

ಇದು ಇವತ್ತಿನ ರೋಗವೂ ಅಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಝೆರಾಕ್ಸ್ ಲೇಸರ್ ಪ್ರಿಂಟರ್ ಪದೇ ಪದೇ ಜಾಮ್ ಆಗುತ್ತಿತ್ತು. ಜಾಮ್ ಆದ ಕೂಡಲೇ ಬಳಸುವವರಿಗೆ ತಿಳಿಸೋ ಹಾಗೆ ಪ್ರೋಗ್ರಾಂ ತಿದ್ದೋಣ ಅಂತ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅದರ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಕೇಳಿದರೆ ಸಿಗಲಿಲ್ಲ. 1983ರಲ್ಲಿ ಅವರು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗಾಗಿ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಆ ಸಿಟ್ಟೂ ಇತ್ತು. ಅಷ್ಟು ವರ್ಷ ಕಳೆದರೂ ಪ್ರಿಂಟರ್ ತನ್ನೊಳಗೆ ಏನಾಗಿದೆ ಅಂತ ನೆಟ್ಟಗೆ ಹೇಳಲ್ಲ.

ಹೇಳಬೇಕಾದ್ದನ್ನು ಹೇಳಲ್ಲ, ಮಾಡಬಾರದ್ದನ್ನು ಮಾತ್ರ ಕೇಳದೇ ಮಾಡುತ್ತೆ. ರಾತ್ರಿ ತಾನೇ ಫರ್ಮ್‌ವೇರ್ ಅಪ್‌ಡೇಟ್ ಹಾಕಿಕೊಂಡು, ನಿನ್ನೆವರೆಗೆ ಒಪ್ಪಿದ್ದ ಬೇರೆ ಕಂಪನಿಯ ಕಾರ್ಟ್ರಿಡ್ಜನ್ನು ಬೆಳಿಗ್ಗೆ 'ಗುರುತಿಸಲಾಗುತ್ತಿಲ್ಲ' ಅನ್ನುತ್ತೆ. ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ, ಲೆಕ್ಸ್‌ಮಾರ್ಕ್ ಅನ್ನೋ ಪ್ರಿಂಟರ್ ಕಂಪನಿಯ ಕಾರ್ಟ್ರಿಡ್ಜ್‌ಗಳ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಉಳಿಯಲ್ಲ ಅಂತ ತೀರ್ಪು ಕೊಟ್ಟಿತು. ಆದರೆ ಕಾರ್ಟ್ರಿಡ್ಜ್ ಯಾರದು ಅಂತ ಪ್ರಿಂಟರಿಗೆ ಹೇಳೋ ಚಿಪ್ಪಿಗೆ ತೀರ್ಪು ತಾಗಲ್ಲ. ಹೊಸ ಪ್ರಿಂಟರನ್ನು ವೈಫೈಗೆ ಸೇರಿಸಿದ ಮೊದಲ ದಿನವೇ ಸೆಟ್ಟಿಂಗ್‌ಗೆ ಹೋಗಿ ಆಟೋ ಅಪ್‌ಡೇಟ್ ಆಫ್ ಮಾಡಿ. ಹಳದಿ ಖಾಲಿಯಾದರೆ ಕಪ್ಪು ಅಕ್ಷರವನ್ನೂ ಪ್ರಿಂಟ್ ಮಾಡದ ಮಾಡೆಲ್‌ಗಳಿವೆ, ಕೊಳ್ಳುವ ಮೊದಲೇ ಅದನ್ನೂ ವಿಚಾರಿಸಿ. ಹೊಸ ಪ್ರಿಂಟರಿನ ಜೊತೆ ಬರೋದು ಬಹಳ ಸಲ ಅರ್ಧಂಬರ್ಧ ತುಂಬಿದ ಸ್ಟಾರ್ಟರ್ ಕಾರ್ಟ್ರಿಡ್ಜ್, ಡಬ್ಬದ ಮೇಲಿನ ಪೇಜ್ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ.

'ಆಫ್‌ಲೈನ್' ಅಂತ ಬಂದರೆ ಬಹಳ ಸಲ ರೂಟರ್ ಪ್ರಿಂಟರಿಗೆ ಹೊಸ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರು) ಕೊಟ್ಟಿರುತ್ತೆ, ಕಂಪ್ಯೂಟರ್ ಹಳೆಯದನ್ನೇ ಹುಡುಕುತ್ತಿರುತ್ತೆ. ರೂಟರಿನಲ್ಲಿ ಪ್ರಿಂಟರಿಗೆ ಒಂದೇ ವಿಳಾಸ ಕಾಯ್ದಿರಿಸಿ, ವಿಂಡೋಸ್‌ನಲ್ಲಿ ಆ ವಿಳಾಸಕ್ಕೇ ಟಿಸಿಪಿ/ಐಪಿ ಪೋರ್ಟ್ ಮಾಡಿ. ಆಮೇಲೂ ಆಫ್‌ಲೈನ್ ಅಂದರೆ ಅದೇ ಪೋರ್ಟಿನ ಸೆಟ್ಟಿಂಗ್‌ನಲ್ಲಿ, ಪ್ರಿಂಟರಿನ ಸ್ಥಿತಿ ವಿಚಾರಿಸೋ ಎಸ್‌ಎನ್‌ಎಂಪಿಯ ಟಿಕ್ ತೆಗೆಯಿರಿ. ಹಲವು ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಸ್ ವೈಫೈ ಕಾಣಿಸೋದೇ ಇಲ್ಲ, 2.4ಕ್ಕೆ ಸೇರಿಸಿ.

ಕಸ್ಟಮರ್ ಕೇರಿಗೆ ಫೋನ್ ಮಾಡಲೇಬೇಕಾದರೆ ಮೊದಲು ಕಂಪ್ಯೂಟರಿನ ಕೇಬಲ್ ಕಿತ್ತು ಗಾಜಿನ ಮೇಲೆ ಹಾಳೆ ಇಟ್ಟು ಒಂದು ಕಾಪಿ ತೆಗೆಯಿರಿ. ಕಾಪಿಯಲ್ಲೂ ಅದೇ ಗೆರೆ, ಅದೇ ಕಲೆ ಇದ್ದರೆ ಡ್ರೈವರಿಗೂ (ಕಂಪ್ಯೂಟರಿನಲ್ಲಿರೋ ಪ್ರಿಂಟರಿನ ಸಾಫ್ಟ್‌ವೇರ್) ಇದಕ್ಕೂ ಸಂಬಂಧ ಇಲ್ಲ. ಅದನ್ನು ಮೊದಲ ಮಾತಿನಲ್ಲೇ ಹೇಳಿ. ಆದರೂ 'ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ' ಅಂತಲೇ ಶುರು ಮಾಡುತ್ತಾರೆ, ಮುಂದಿರೋ ಪರದೆಯಲ್ಲಿ ಬರೆದ ಸಾಲು ಬಿಟ್ಟು ಬೇರೆ ಹೇಳೋಕೆ ಅವರಿಗೆ ಅನುಮತಿ ಇರಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಆ ಸಾಲುಗಳನ್ನು ಬರೆಸಿದ ಕಂಪನಿಯೇ ತಪ್ಪಿತಸ್ಥ. ಸೀರಿಯಲ್ ನಂಬರ್, ಸ್ಟೇಟಸ್ ಪೇಜಿನಲ್ಲಿರುವ ಒಟ್ಟು ಪೇಜ್ ಸಂಖ್ಯೆ, ಎರರ್ ಕೋಡ್, ನಾಝಲ್ ಚೆಕ್ ಅಥವಾ ಕಲೆ ಬಿದ್ದ ಹಾಳೆಯ ಫೋಟೋ, ಇಷ್ಟನ್ನು ಒಂದೇ ಇಮೇಲ್‌ನಲ್ಲಿ ಹಾಕಿ. ಡ್ರೈವರ್ ಹಂತ ಮಾಡಿ ಆಗಿದೆ ಅಂತ ಬರೆದು, ಮುಂದಿನ ಹಂತದ ಟೆಕ್ನಿಷಿಯನ್‌ಗೆ ಕಳಿಸಿ ಅಂತ ಸ್ಪಷ್ಟವಾಗಿ ಕೇಳಿ. ಎರಡು ದಿನ ಬಿಟ್ಟು 'ನಿಮ್ಮ ಸಮಸ್ಯೆ ಪರಿಹಾರವಾಗಿದೆ' ಅಂತ ಮೆಸೇಜ್ ಬಂದರೆ, ಯಾರೂ ಬಂದಿಲ್ಲ, ಏನೂ ಆಗಿಲ್ಲ ಅಂತ ಅದೇ ಟಿಕೆಟ್ ನಂಬರಿಗೆ ಉತ್ತರ ಬರೆಯಿರಿ. ಹೊಸ ಟಿಕೆಟ್ ಮಾತ್ರ ತೆರೆಯಬೇಡಿ. ತೆರೆದರೆ ಮತ್ತೆ 'ಹತ್ತು ನಿಮಿಷ ಆಫ್ ಮಾಡಿ ಆನ್ ಮಾಡಿ ಸಾರ್' ಇಂದಲೇ ಶುರು.