ಹೊಟ್ಟೆ ಉರಿಗೂ ಒಂದು ಕೋಡ್ ಕೊಡಿ ಸ್ವಾಮಿ

ನಮ್ ಕಡೆ ಹುಳಿತೇಗು ಬಂದ್ರೂ, ಎದೆ ಉರಿದ್ರೂ, ಮದ್ವೆ ಮನೇಲಿ ಎರಡು ಹೋಳಿಗೆ ಜಾಸ್ತಿ ಇಳಿಸಿ ರಾತ್ರಿಯೆಲ್ಲಾ ಒದ್ದಾಡಿದ್ರೂ ಕಾಯಿಲೆ ಒಂದೇ, "ಗ್ಯಾಸ್ಟ್ರಿಕ್". ಮೆಡಿಕಲ್ ಶಾಪ್‌ನೋನಿಗೆ ಅಷ್ಟಂದ್ರೆ ಮಾತ್ರೆ ಕೈಗೆ ಬರುತ್ತೆ. ಪಾಪ, ಅಮೆರಿಕದೋರು ಇಷ್ಟು ಮುಂದುವರೆದಿಲ್ಲ. ಅಲ್ಲಿ ಯಾರಿಗೋ ಹೊಟ್ಟೆ ಕೆಟ್ರೆ ಬೆಂಗಳೂರಲ್ಲಿ ಮೆಡಿಕಲ್ ಕೋಡಿಂಗ್ ಕೆಲಸದ ನಾವು ನಡುರಾತ್ರಿ ಕಣ್ಣುಜ್ಜಿಕೊಂಡು ಆ ಕಾಯಿಲೆಯ ಕೋಡ್ ಹುಡುಕ್ಬೇಕು, ಇಲ್ಲಾಂದ್ರೆ ಇನ್ಶೂರೆನ್ಸ್‌ನೋರು ಕ್ಲೇಮ್ ವಾಪಸ್ ಎಸೀತಾರೆ.

2015ರ ಅಕ್ಟೋಬರ್ 1ರಿಂದ ಅಲ್ಲಿ ಐಸಿಡಿ-10 ಜಾರಿ, ಅಂದ್ರೆ ಒಂದೊಂದು ಕಾಯಿಲೆಗೂ ಒಂದೊಂದು ಕೋಡ್ ಇರೋ ಪಟ್ಟಿ. ಜಠರದ ಉರಿಯೂತಕ್ಕೆ, ಅಂದ್ರೆ ಗ್ಯಾಸ್ಟ್ರೈಟಿಸ್‌ಗೆ, ಕೆ29. ಹಾಕಿದ್ರೆ ಬಿಲ್ ಆಗಲ್ಲ. ಕೆ29.7? ಆಗಲ್ಲ, ಇನ್ನೂ ಒಂದಂಕಿ ಬೇಕು, ರಕ್ತ ಇಲ್ದಿದ್ರೆ ಸೊನ್ನೆ, ಇದ್ರೆ ಒಂದು. ಸರಿ ಬಿಡಿ, ವಿವರ ಬೇಕಪ್ಪಾ ಅಂದ್ಕೊಂಡ್ರೆ, ಕೆ31.9 ಅಂತ ಇನ್ನೊಂದಿದೆ, ಅರ್ಥ ಏನಂದ್ರೆ ಹೊಟ್ಟೆಯಲ್ಲೋ ಡ್ಯುವೊಡಿನಮ್‌ನಲ್ಲೋ (ಸಣ್ಣ ಕರುಳಿನ ಮೊದಲ ಭಾಗ) ಏನೋ ಒಂದು ಕಾಯಿಲೆ. ಅದು ಬಿಲ್ ಆಗುತ್ತೆ! ಅರ್ಧಂಬರ್ಧ ಗೊತ್ತಿದ್ರೆ ರಿಜೆಕ್ಟ್, ಏನೂ ಗೊತ್ತಿಲ್ದಿದ್ರೆ ಪಾಸ್. ಇಂಥ ಪರೀಕ್ಷೆ ನಮ್ ಪಿಯುಸೀಲಿ ಯಾಕಿರ್ಲಿಲ್ಲ.

ತೇಗಿಗೆ ಆರ್14.2, ಹೂಸಿಗೆ ಆರ್14.3, ತಮಾಷೆ ಅಲ್ಲ, ಎರಡಕ್ಕೂ ಬೇರೆಬೇರೆ. ಊರಲ್ಲಿ ಹೇಳಿದ್ರೆ ಅಜ್ಜಿ "ಅದಕ್ಕೂ ದುಡ್ಡು ಕೀಳ್ತಾರೇನೋ ಮುಂಡೇವು" ಅಂತ ಬಾಯಿಗೆ ಸೆರಗಿಟ್ಕೊಂಡ್ರು. ಅತ್ತೆ-ಮಾವನ ಜೊತೆ ತಕರಾರಿಗೂ ಝಡ್63.1 ಇದೆ ಅಂದಾಗ ಮಾತ್ರ ಅಮ್ಮ ಒಳಗಿಂದ ಎದ್ದು ಬಂದು ಪೂರ್ತಿ ಕೇಳಿಸ್ಕೊಂಡ್ರು. ಪಕ್ಕದ ಸೀಟಿನೋನಿಗೆ ಸಂಬಳ ಜಾಸ್ತಿ ಆದಾಗ ಬರೋ ಹೊಟ್ಟೆ ಉರಿಗೆ ಮಾತ್ರ ಎಷ್ಟು ಹುಡುಕಿದ್ರೂ ಕೋಡ್ ಸಿಕ್ಕಿಲ್ಲ.

ಮೊನ್ನೆ ಒಂದು ಚಾರ್ಟ್ ಬಂತು, ರೋಗಿಯ ದಾಖಲೆ. ಡಾಕ್ಟ್ರು ಬರೆದಿದ್ದು ಗ್ಯಾಸ್ಟ್ರೈಟಿಸ್, ಅಷ್ಟೇ. ಕೆಳಗೆ ನರ್ಸ್ ಬರೆದಿದಾಳೆ, ವಾಂತೀಲಿ ರಕ್ತ, ಎರಡು ಸಲ. ನರ್ಸ್ ಬರೆದದ್ದು ನೋಡಿ ಕೋಡ್ ಮಾಡೋ ಹಾಗಿಲ್ಲ, ಡಾಕ್ಟ್ರೇ ಹೇಳ್ಬೇಕು. ಡಾಕ್ಟ್ರಿಗೆ ಕ್ವೆರಿ ಕಳ್ಸಿದೆ. ಉತ್ತರ ಇಲ್ಲ. ಟೀಮ್ ಲೀಡ್ ಬಂದು "ಟಾರ್ಗೆಟ್ ಎಲ್ಲಿಗೆ ಬಂತು ಗುರು" ಅಂದ. ಆ ಮನುಷ್ಯ ರಕ್ತ ಕಾರಿದಾನೆ ಕಣ್ರೀ, ಕಣ್ಮುಂದೆ ಬರೆದಿದೆ, ಓದಕ್ಕೆ ಬರುತ್ತೆ ನಂಗೆ, ಆದ್ರೂ ಈ ದರಿದ್ರ ವ್ಯವಸ್ಥೆಗೆ ಅದು ಕಾಣಲ್ಲ. ಕೊನೆಗೆ ಸೊನ್ನೆ ಒತ್ತಿ ಕ್ಲೋಸ್ ಮಾಡ್ದೆ. ರಕ್ತಸ್ರಾವ ಇಲ್ಲ.

ನಿನ್ನೆ ಆಡಿಟ್ ರಿಪೋರ್ಟ್ ಬಂತು. ಆ ಚಾರ್ಟ್‌ನಲ್ಲಿ ನನ್ ತಪ್ಪು, ಅದೂ ಸೊನ್ನೆ.