ಅಜ್ಜಾ, ಫ್ರೇಮಿನಿಂದ ಸ್ವಲ್ಪ ಸರೀರಿ

ಬಂತು, ಈ ಸಲವೂ ಬಂತು. ಹಕ್ಕಿಯಲ್ಲ, ಶೀರ್ಷಿಕೆ. 'ಮಾಗಡಿ ಕೆರೆಗೆ ವಿದೇಶಿ ಅತಿಥಿಗಳ ಲಗ್ಗೆ: ಕಲರವಕ್ಕೆ ಮನಸೋತ ಪಕ್ಷಿಪ್ರೇಮಿಗಳು.' ಮಳೆ ಹಿಂದುಮುಂದಾದರೆ ಹಕ್ಕಿ ತಡವಾಗಿ ಬಂದೀತು, ಈ ಶೀರ್ಷಿಕೆ ತಡವಾದದ್ದನ್ನು ನಾನಂತೂ ಕಂಡಿಲ್ಲ. ಕೆಳಗೊಂದು ಫೋಟೊ, ಅದರಡಿ 'ಹಂಸಗಳ ಹಿಂಡು'.

ಮೊದಲು ಹಂಸದ ಲೆಕ್ಕ ಚುಕ್ತಾ ಮಾಡೋಣ. ಶಿರಹಟ್ಟಿ ತಾಲ್ಲೂಕಿನ ಮಾಗಡಿಗೆ ಬರುವುದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ಹಿಂದಲೆಯ ಮೇಲೆ ಕಾಡಿಗೆಯ ಬೆರಳು ಒರೆಸಿದಂತೆ ಎರಡು ಕರಿಪಟ್ಟೆ. ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕ ಕೂರುವ ನೀಳಕೊರಳಿನ ಆ ಬಿಳಿ ಹಕ್ಕಿ ಉತ್ತರ ಭಾರತಕ್ಕೇ ಅಪರೂಪಕ್ಕೊಮ್ಮೆ ದಾರಿ ತಪ್ಪಿ ಬರುವಂಥದ್ದು, ಗದಗಿನ ದಾರಿ ಅದಕ್ಕೆ ಗೊತ್ತಿಲ್ಲ. ಹಾಗಂತ ಪತ್ರಿಕೆಯವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಹಳೆಯ ಕವಿಗಳ ಹಂಸ ಈ ಹೆಬ್ಬಾತೇ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಟಿಬೆಟಿನ ಎತ್ತರದ ಕೆರೆಗಳಲ್ಲಿ ಮರಿ ಮಾಡುವ ಹಕ್ಕಿಯಾದ್ದರಿಂದ ಮಾನಸ ಸರೋವರದ ವಿಳಾಸವೂ ತಾಳೆಯಾಗುತ್ತದೆ. ತಾಳೆಯಾಗದ್ದು ಹಾಲು-ನೀರು ಬೇರೆ ಮಾಡುವ ವಿದ್ಯೆ ಒಂದೇ. ಅದೊಂದು ಇದ್ದಿದ್ದರೆ ನಮ್ಮ ಓಣಿಯ ಹಾಲಿನವನು ಇವನ್ನು ಜಿಲ್ಲೆಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಇನ್ನು 'ವಿದೇಶಿ'. ನಿಜ, ಕೆಲವು ಹೆಬ್ಬಾತುಗಳ ಕೊರಳಲ್ಲಿ ಮಂಗೋಲಿಯಾದ ಸಂಶೋಧಕರು ಹಾಕಿದ ಗುರುತುಪಟ್ಟಿ ಇರುತ್ತದೆ. ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆಯೂ ಈ ಜಾತಿಗಿದೆ. ಆದರೆ ನವೆಂಬರಿಗೆ ಇಳಿದರೆ ಇವು ಏಳುವುದು ಶಿವರಾತ್ರಿಯ ಆಸುಪಾಸಿಗೆ. ನಮ್ಮ ಮನೆತನದ ಮೂರು ಮಂದಿ ಬೆಂಗಳೂರಿನಲ್ಲಿದ್ದೇವೆ. ಯುಗಾದಿಗೆ ಎರಡು ದಿನ, ಜಾತ್ರೆಗೆ ಒಂದೂವರೆ ದಿನ ಊರಲ್ಲಿರುತ್ತೇವೆ, ಅದೂ ರಜೆ ಸಿಕ್ಕರೆ. ನಾವು ಊರಿನ ಮಕ್ಕಳು, ನಾಲ್ಕು ತಿಂಗಳು ಅಲ್ಲೇ ಉಂಡು ಮಲಗುವ ಹೆಬ್ಬಾತು ಅತಿಥಿ!

2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸರ್ ಪಟ್ಟವೂ ಸಿಕ್ಕಿತು, ಅಘನಾಶಿನಿ ಮತ್ತು ಅಂಕಸಮುದ್ರದ ಜೊತೆಗೆ. "ಯಾರವರು ರಾಮ್ ಸರ್? ಯಾವ ಸಾಲಿ ಮಾಸ್ತರು?" ಎಂದು ನಮ್ಮ ದೊಡ್ಡಪ್ಪ ಕೇಳಿದ. ಅದು ಇರಾನಿನ ಒಂದು ಊರು, 1971ರಲ್ಲಿ ಜೌಗು ನೆಲಗಳ ಒಪ್ಪಂದ ಆದದ್ದು ಅಲ್ಲಿ ಎಂದೆ. ಅವನಿಗೆ ಮಾಸ್ತರೇ ಹೆಚ್ಚು ಹಿಡಿಸಿದಂತೆ ಕಂಡಿತು. ಪಟ್ಟದ ಸುದ್ದಿ ಹರಡಿದ ಮೇಲೆ ಬೆಂಗಳೂರಿನ ಕಾರುಗಳು ಹೆಚ್ಚಾದವು. ನನ್ನ ಗೆಳೆಯನೊಬ್ಬ ಮೊಬೈಲಿನ ದಾರಿ ನಂಬಿ ಕೆಂಪೇಗೌಡರ ಮಾಗಡಿಗೆ ಹೋಗಿ, ಕೋಟೆ ನೋಡಿ, "ಹಕ್ಕಿ ಎಲ್ಲಿ ಮಾರಾಯ?" ಎಂದು ಫೋನು ಮಾಡಿದ್ದ. ಅವನಿಂದ ಯಾರಿಗೂ ನಷ್ಟವಾಗಲಿಲ್ಲ. ಉಳಿದವರೂ ಅಲ್ಲಿಗೇ ಹೋಗಲಿ ಎಂಬುದು ನನ್ನ ಹರಕೆ.

ಹೆಬ್ಬಾತಿನ ದಿನಚರಿ ಸರಳ. ಹಗಲು ಕೆರೆಯ ನೀರು, ಸಂಜೆಯಾದರೆ ಹೊಲ. ಕತ್ತಲಲ್ಲಿ ಕಡಲೆ, ಶೇಂಗಾ ಮೇಯ್ದು ಬೆಳಕು ಹರಿಯುವಾಗ ವಾಪಸು. ಹಾಗಾಗಿ ಕ್ಯಾಮೆರಾ ಕಲಾವಿದರಿಗೆ ನಸುಕಿನಲ್ಲೇ ಹೊಲ ಬೇಕು. ಅವರ ತಯಾರಿಯನ್ನು ಮೆಚ್ಚಲೇಬೇಕು: ಹತ್ತು ಲಕ್ಷ ದಾಟಿದ ಲೆನ್ಸು, ಅಮೆಜಾನ್ ಕಾಡಿನ ಎಲೆಗಳನ್ನು ಮುದ್ರಿಸಿದ ಜಾಕೀಟು. ಎರೆಹೊಲದ ಕರಿಮಣ್ಣಿನ ಮೇಲೆ ಈ ಜಾಕೀಟು ಎರಡು ಮೈಲಿ ದೂರಕ್ಕೂ ಕಾಣುತ್ತದೆ. ಹಕ್ಕಿಗೆ ಮಾತ್ರ ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ಅವರು ಹೊಟ್ಟೆಯ ಮೇಲೆ ತೆವಳುತ್ತಾರೆ, ಕಡಲೆ ಸಾಲಿನ ಮೇಲೆಯೇ. ಕಡಲೆ ಗಿಡ ಇಬ್ಬನಿಯಲ್ಲಿ ಹುಳಿ ಬಿಡುತ್ತದೆಂಬುದು ಅವರಿಗೆ ಗೊತ್ತಿರುವುದಿಲ್ಲ. ಹಿಂದೆ ನಮ್ಮ ಅಜ್ಜಿ ನಸುಕಿಗೆ ಗಿಡದ ಮೇಲೆ ಬಿಳಿ ಅರಿವೆ ಹಾಸಿ, ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಔಷಧಕ್ಕೆ ಇಡುತ್ತಿದ್ದಳು. ಈಗ ಜಾಕೀಟುಗಳೇ ಹಾಸಿಕೊಳ್ಳುತ್ತವೆ. ಎಂಟು ಗಂಟೆಯ ಹೊತ್ತಿಗೆ ಮೈ ಕೆರೆದುಕೊಳ್ಳುತ್ತ ರಸ್ತೆಗೆ ಬರುವ ಪಕ್ಷಿಪ್ರೇಮಿಗಳ ಹಿಂಡು ಕೂಡ ನೋಡುವಂಥದ್ದೇ. ಕಲರವವೂ ಇರುತ್ತದೆ.

ಇಲ್ಲಿಯವರೆಗೆ ನಗಬಹುದು.

ಹೋದ ಚಳಿಗಾಲ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ನಾಲ್ಕು ದಿಕ್ಕಿಗೂ ಎಡೆ ಚೆಲ್ಲಿ ಭೂಮಿತಾಯಿಯ ಹೊಟ್ಟೆ ತುಂಬಿಸುವ ದಿನ ಅದು. ಮಗ್ಗುಲ ಹೊಲದಲ್ಲಿ, ಅದೇಕೋ ಹಗಲಾದರೂ ಇನ್ನೂ ಏಳದೆ, ಒಂದು ಹಿಂಡು ಮೇಯುತ್ತಿತ್ತು. ಜಾಕೀಟಿನ ಒಬ್ಬನಿಗೆ ಹಾರುವ ಚಿತ್ರ ಬೇಕಿತ್ತು. ಅವನು ಚಪ್ಪಾಳೆ ತಟ್ಟಿದ, ಏಳಲಿಲ್ಲ. ಶಿಳ್ಳೆ ಹೊಡೆದ. ಆಮೇಲೆ ಒಂದು ಹೆಂಟೆ ಎತ್ತಿ ಬೀಸಿದ. ಹಿಂಡು ಎದ್ದಿತು, ಕ್ಯಾಮೆರಾಗಳು ಕಟಕಟ ಅಂದವು, ಹಕ್ಕಿಗಳು ಒಂದು ಸುತ್ತು ಹಾಕಿ ಇಳಿಯಲು ನೋಡಿದವು. ಅವನು ಮತ್ತೊಂದು ಹೆಂಟೆ ಎತ್ತಿದ. ಮೊದಲ ಸಲ ಫೋಕಸ್ ತಪ್ಪಿತ್ತಂತೆ. ವಾಪಸು ಹಿಮಾಲಯ ಹತ್ತಲು ಒಂದೊಂದು ಕಾಳಿನ ಕೊಬ್ಬನ್ನೂ ಕೂಡಿಡುವ ಜೀವವನ್ನು ಕಲ್ಲು ಹೊಡೆದು ಎಬ್ಬಿಸುವುದಕ್ಕೆ ನಮ್ಮಲ್ಲಿ 'ಪ್ರೇಮ' ಎಂಬ ಹೆಸರಿದೆ. ಬೇರೆಯವರ ಬೆಳೆ ತುಳಿಯುವಾಗ ಒಂದು ಮಾತು ಕೇಳಬೇಕು ಅನ್ನುವುದನ್ನು ಇವರಿಗೆ ಯಾರು ಹೇಳಿಕೊಡಬೇಕು? ನನಗಂತೂ ಸಾಕಾಗಿದೆ.

ದೊಡ್ಡಪ್ಪ ಬದುವಿನ ಮೇಲೆ ನಿಂತಿದ್ದ. ಅವನೇನು ಹೆಬ್ಬಾತಿನ ಭಕ್ತನಲ್ಲ, ಎಷ್ಟೋ ರಾತ್ರಿ ತಾಟು ಬಡಿದು ಓಡಿಸಿದವನೇ. ಆದರೂ ಲೆಕ್ಕ ಗೊತ್ತು. "ಅವು ಕುಡಿ ಚೂಟತಾವ. ಚೂಟಿದ ಕಡ್ಲಿ ಮತ್ತ ಟಿಸಿಲ ಒಡೀತೈತಿ. ಬೂಟು ತುಳಿದದ್ದು ಒಡೆಯಂಗಿಲ್ಲ" ಎಂದ. ಇದನ್ನು ಹೇಳಲೆಂದೇ ಜಾಕೀಟಿನವರ ಕಡೆ ನಾಲ್ಕು ಹೆಜ್ಜೆ ನಡೆದ. ಅವರಲ್ಲೊಬ್ಬ ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ, ಕೈಯಷ್ಟೇ ಬೀಸಿ, ಬಹಳ ಮರ್ಯಾದೆಯಿಂದಲೇ ಹೇಳಿದ: "ಅಜ್ಜಾ, ಸ್ವಲ್ಪ ಸರೀರಿ, ಫ್ರೇಮಿಗೆ ಬರ್ತಿದ್ದೀರಿ."

ದೊಡ್ಡಪ್ಪ ಸರಿದ. ತನ್ನ ಹೊಲದಲ್ಲೇ.

ಆ ಚಿತ್ರ ಆಮೇಲೆ ನನ್ನ ಮೊಬೈಲಿಗೂ ತೇಲಿ ಬಂತು. ಕೆಳಗೆ 'ಮನುಷ್ಯನ ಸೋಂಕಿಲ್ಲದ ಮುಂಜಾವು' ಎಂದು ಬರೆದಿದ್ದರು. ಊರಿಗೆ ಹೋದಾಗ ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಹಕ್ಕಿಗಳನ್ನೆಲ್ಲ ಮೇಲಕ್ಕೆ ತಳ್ಳಿ ಕೆಳಗಿನ ಮೂಲೆಗೆ ಬಂದ.

"ಈ ಸಾಲು ನೋಡು," ಎಂದ. "ಅವತ್ತ ಮುಂಜಾನೆ ಇನ್ನೂ ಚೊಲೋ ಇತ್ತು."